ತೂಬಿನ ಬೀಗದ ಕೈ ಯಾರ ಹತ್ತಿರ ಇರಬೇಕು?

2023ರ ಅಕ್ಟೋಬರ್. ರಾತ್ರಿ ಹನ್ನೊಂದು ಗಂಟೆ ಆಗಿತ್ತು. ಅಕ್ಕನ ಫೋನು ಬಂತು. ಅವಳನ್ನು ಕೊಟ್ಟಿರೋದು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಗೆ. ನಮ್ಮೂರು ನಂಜನಗೂಡು ತಾಲ್ಲೂಕು. ಎರಡೂ ಊರಿಗೆ ನೀರು ಬರೋದು ಕಬಿನಿಯ ಒಂದೇ ವಿತರಣಾ ನಾಲೆಯಿಂದ. ನಾವು ತಲೆಯಲ್ಲಿ, ಅವರು ಬಾಲದಲ್ಲಿ.

"ನೀರು ಬಂದಿಲ್ಲ ಕಣ್ಲಾ. ನಿಮ್ ಭಾವ ಕಾಲುವೆ ಕಾಯೋಕೆ ಶುರು ಮಾಡಿ ನಾಲ್ಕು ದಿನ ಆಯ್ತು. ಹೊಡೆ ಬಂದಿರೋ ಭತ್ತ, ಗದ್ದೆ ಬಿರುಕು ಬಿಟ್ಟದೆ. ನಿಮ್ ಕಡೆ ನೀರು ಅದಾ?"

"ಗೊತ್ತಿಲ್ಲಕ್ಕ, ಬೆಳಿಗ್ಗೆ ನೋಡಿ ಹೇಳ್ತೀನಿ" ಅಂದೆ.

ಸುಳ್ಳು. ಫೋನ್ ಎತ್ತಿದಾಗ ನಾನು ನಿಂತಿದ್ದದ್ದು ನಮ್ಮ ತೂಬಿನ ಮೇಲೆ. ಕೈಯಲ್ಲಿ ಸ್ಪ್ಯಾನರ್ ಇತ್ತು. ಪಕ್ಕದ ಗದ್ದೆಯ ಗೆಳೆಯ ಟಾರ್ಚ್ ಹಿಡಿದಿದ್ದ. ಗೇಟಿನ ಬೀಗ ಮೊದಲೇ ಒಡೆದುಹೋಗಿತ್ತು, ಅದನ್ನು ಒಡೆದವನು ನಾನಲ್ಲ, ಆದರೆ ಆ ರಾತ್ರಿ ಗೇಟನ್ನು ಒಂದು ಗೇಣು ಮೇಲೆತ್ತಿದವನು ನಾನೇ. ನಮ್ಮ ಗದ್ದೆಯಲ್ಲಿ ಆಗಲೇ ಕಣಕಾಲು ಮುಳುಗೋಷ್ಟು ನೀರಿತ್ತು. ಆದರೂ ಎತ್ತಿದೆ. ಯಾಕೆ ಅಂದ್ರೆ ಮುಂದಿನ ನೀರು ಯಾವತ್ತು ಬರುತ್ತೋ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಭಾವನ ಎರಡು ಎಕರೆಯಲ್ಲಿ ಮುಕ್ಕಾಲು ಪಾಲು ಜೊಳ್ಳಾಯಿತು. ನಾನು ಮಾಡಿದ್ದನ್ನು ಅವರಿಗೆ ಹೇಳೋಕೆ ನನಗೆ ಒಂದು ವರ್ಷ ಬೇಕಾಯಿತು. ಈ ಲೇಖನ ಬರೆಯೋದಕ್ಕೆ ಕಾರಣ ಅದು. ನಿಮ್ಮಲ್ಲಿ ಎಷ್ಟೋ ಜನ ಹೀಗೆ ತೂಬಿನ ಮೇಲೆ ನಿಂತಿದ್ದೀರಿ, ಎಷ್ಟೋ ಜನ ಹೀಗೆ ಫೋನ್ ಮಾಡಿದ್ದೀರಿ ಅಂತ ನನಗೆ ಗೊತ್ತು.

ಅಣೆಕಟ್ಟೆ ತುಂಬಿದರೂ ಗದ್ದೆ ಒಣಗುತ್ತೆ

ನಮ್ಮ ಕಬಿನಿ ಜಲಾಶಯದ ಸ್ವಭಾವ ಮೊದಲು ತಿಳಿಯಬೇಕು. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಹತ್ತಿರ 1974ರಲ್ಲಿ ಕಟ್ಟಿ ಮುಗಿಸಿದ್ದು. ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2284 ಅಡಿ, ಹಿಡಿಯೋದು 19.52 ಟಿಎಂಸಿ. ಕೆಆರ್‌ಎಸ್ 49.45 ಟಿಎಂಸಿ ಹಿಡಿಯುತ್ತೆ. ಅಂದರೆ ನಮ್ಮದು ಅದರ ಅರ್ಧಕ್ಕಿಂತಲೂ ಕಡಿಮೆ. ಆದರೆ ನೀರು ಬರೋದು ವಯನಾಡಿನಿಂದ. ಅಲ್ಲಿ ನಾಲ್ಕು ದಿನ ಜೋರು ಮಳೆ ಹಿಡಿದರೆ ಸಾಕು, ಕಬಿನಿ ತುಂಬಿ ಗೇಟು ತೆರೀತಾರೆ. ತುಂಬೋದೂ ಬೇಗ, ಉಕ್ಕೋದೂ ಬೇಗ.

2018ರ ಆಗಸ್ಟ್, 2019ರ ಆಗಸ್ಟ್ ಎರಡೂ ನೆನಪಿದೆಯಲ್ಲ? ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಗೇ ನೀರು ಬಂತು. ಅದಾಗಿ ನಾಲ್ಕು ವರ್ಷಕ್ಕೆ 2023. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಅಂತ ಹವಾಮಾನ ಇಲಾಖೆ ಹೇಳಿತು. ಸೆಪ್ಟೆಂಬರ್‌ನಲ್ಲಿ ರಾಜ್ಯದಲ್ಲಿ ಬರ ಘೋಷಣೆ. ಮತ್ತೆ 2024ರ ಜುಲೈಗೆ ಕಬಿನಿ ತುಂಬಿ ಹರಿಯಿತು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಊರಲ್ಲೇ ಎರಡು ತಿಂಗಳಿಗೆ ಹೊಳೆದಂಡೆ ಗದ್ದೆ ಮುಳುಗಿತ್ತು.

ಹವಾಮಾನ ಬದಲಾವಣೆ ಅಂದ್ರೆ ನಮ್ಮ ಪಾಲಿಗೆ ಇದೇ. ಮಳೆ ಕಮ್ಮಿ ಆಯ್ತು ಅಂತ ಅಲ್ಲ. ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅನ್ನೋ ಅಂದಾಜೇ ಕೈ ತಪ್ಪಿದೆ. ನಮ್ಮ ತಾತನ ಕಾಲದಲ್ಲಿ ಆರಿದ್ರಾ ಮಳೆಗೆ ಇಂಥ ಕೆಲಸ, ಪುನರ್ವಸುಗೆ ಇಂಥ ಕೆಲಸ ಅಂತ ಲೆಕ್ಕ ಇತ್ತು. ಈಗ ಜೂನ್ ಒಣಗಿರುತ್ತೆ, ಜುಲೈನಲ್ಲಿ ಒಂದೇ ವಾರಕ್ಕೆ ಅಣೆಕಟ್ಟೆ ತುಂಬುತ್ತೆ, ಉಳಿದದ್ದು ಹೊಳೆ ಪಾಲು. ಅಣೆಕಟ್ಟೆಯನ್ನು ದೊಡ್ಡದು ಮಾಡೋಕೆ ಆಗಲ್ಲ. ಹೊಳೆಯಲ್ಲಿ ಹೋಗೋ ನೀರಿಗೂ ಲೆಕ್ಕ ಇದೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿ. 14.75 ಹೆಚ್ಚಿಗೆ ಸಿಕ್ಕಿತು ಅಂತ ಸಂತೋಷಪಟ್ಟೆವು. ಅದಕ್ಕಿಂತ ಹೆಚ್ಚು ಇನ್ನು ಸಿಗೋದು ಕಷ್ಟ.

2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್ ಬಿಡಬೇಕು ಅಂತ ಆದೇಶ ಬಂದಾಗ ಸಿಟ್ಟು ಯಾರಿಗೆ ಬರಲಿಲ್ಲ? ಸೆಪ್ಟೆಂಬರ್ 29ರ ಕರ್ನಾಟಕ ಬಂದ್ ದಿನ ನಾನೂ ರಸ್ತೆಯಲ್ಲಿ ಕೂತಿದ್ದೆ. ಕೂತದ್ದು ತಪ್ಪು ಅಂತ ಈಗಲೂ ಹೇಳಲ್ಲ. ಆದರೆ 5,000 ಕ್ಯೂಸೆಕ್‌ಗೆ ರಸ್ತೆ ತಡೆದ ನಾವು, ನಮ್ಮದೇ ನಾಲೆಯ ಐದು ಕ್ಯೂಸೆಕ್ ಎಲ್ಲಿಗೆ ಹೋಗ್ತಿದೆ ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಬಂದ್ ಮುಗಿಸಿ ಬಂದ ತಿಂಗಳೊಳಗೇ ನಾನು ಸ್ಪ್ಯಾನರ್ ಹಿಡಿದು ತೂಬಿನ ಮೇಲಿದ್ದೆ. ಮೇಲಿನವರು ಕೆಳಗಿನವರಿಗೆ ನೀರು ಬಿಡೋ ವಿಷಯದಲ್ಲಿ ನಾನು ಯಾವ ನ್ಯಾಯ ಮಾತಾಡಲಿ ಹೇಳಿ.

ನೀರು ಕಮ್ಮಿ ಇರೋದಲ್ಲ, ನಂಬಿಕೆ ಇಲ್ಲದಿರೋದು

ಈ ವೆಬ್‌ಸೈಟ್‌ನಲ್ಲೇ ಭತ್ತಕ್ಕೆ ನೀರು ಉಳಿಸೋ ವಿಧಾನಗಳ ಬಗ್ಗೆ ಓದಿರ್ತೀರಿ. ಒಮ್ಮೆ ನೀರು ಕಟ್ಟೋದು, ಒಮ್ಮೆ ಆರಲು ಬಿಡೋದು. ಗದ್ದೆಯಲ್ಲಿ ಒಂದು ಅಡಿ ಉದ್ದದ, ತೂತು ಕೊರೆದ ಪೈಪನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೂತು, ಒಳಗಿನ ಮಣ್ಣು ತೆಗೆದು, ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಮತ್ತೆ ಎರಡು ಇಂಚು ನೀರು ಕಟ್ಟಬೇಕು. ಹೂ ಬಿಡೋ ಹೊತ್ತಿನಲ್ಲಿ ಮಾತ್ರ ನೀರು ನಿಲ್ಲಿಸಲೇಬೇಕು. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಪದ್ಧತಿ ಇದು. ನೀರು ಕಾಲು ಭಾಗದಷ್ಟು ಉಳಿಯುತ್ತೆ, ಇಳುವರಿ ಬೀಳಲ್ಲ.

ಒಳ್ಳೆ ಪದ್ಧತಿ. ನಾನು ಪೈಪ್ ಹಾಕಿಯೂ ಇದ್ದೆ. ಪೈಪಿನಲ್ಲಿ ನೀರು ನೆಲದ ಮಟ್ಟಕ್ಕೆ ಇಳಿಯುತ್ತಿದ್ದ ಹಾಗೇ ನನ್ನ ಎದೆ ಹೊಡ್ಕೊಳ್ಳೋಕೆ ಶುರು. ಇನ್ನು ನಾಲ್ಕು ದಿನ ಆರಲಿ ಅಂತ ಬಿಟ್ಟರೆ, ನಾಲ್ಕನೇ ದಿನ ನಾಲೆಯಲ್ಲಿ ನೀರು ಇರುತ್ತಾ? ಗ್ಯಾರಂಟಿ ಯಾರು ಕೊಡ್ತಾರೆ? ಅದಕ್ಕೇ ನೀರು ಬಂದಾಗಲೇ ತುಂಬಿಸಿಕೊಂಡೆ. ನನ್ನ ಪಕ್ಕದವನೂ ತುಂಬಿಸಿಕೊಂಡ. ತಲೆಯಿಂದ ಅರ್ಧದವರೆಗೆ ಎಲ್ಲರೂ ತುಂಬಿಸಿಕೊಂಡೆವು. ಗದ್ದೆಯೇ ನಮ್ಮ ಟ್ಯಾಂಕು. ಹೆಚ್ಚಾದದ್ದು ಬಸಿಗಾಲುವೆ ಸೇರಿ ಹಳ್ಳಕ್ಕೆ ಹೋಯಿತು, ಬಾಲದವರಿಗೆ ಹೋಗಲಿಲ್ಲ.

ನನ್ನ ಮಾತು ಇಷ್ಟೇ. ನೀರು ಯಾವ ದಿನ, ಎಷ್ಟು ಗಂಟೆಗೆ ಬರುತ್ತೆ ಅಂತ ಗ್ಯಾರಂಟಿ ಇದ್ದರೆ ರೈತ ಕೂಡಿಡಲ್ಲ. ಗ್ಯಾರಂಟಿ ಇಲ್ಲದಿದ್ದರೆ ಯಾವ ತಳಿ, ಯಾವ ಪದ್ಧತಿ, ಯಾವ ಆ್ಯಪ್ ಕೊಟ್ಟರೂ ಅವನು ಗೇಟು ಎತ್ತೇ ಎತ್ತುತ್ತಾನೆ. ಹೆಚ್ಚು ನೀರಿಗಿಂತ ಖಾತ್ರಿ ನೀರು ದೊಡ್ಡದು. ಆ ಖಾತ್ರಿಯನ್ನು ಬೆಂಗಳೂರಿನಿಂದ ಯಾರೂ ಕೊಡೋಕೆ ಆಗಲ್ಲ. ಕಾವೇರಿ ನೀರಾವರಿ ನಿಗಮದವರು ದೊಡ್ಡ ನಾಲೆಗೆ ನೀರು ಬಿಡಬಹುದು, ನೀರಾವರಿ ಸಲಹಾ ಸಮಿತಿ ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು ಅಂತ ತೀರ್ಮಾನ ಮಾಡಬಹುದು. ಕೊನೆಯ ತೂಬಿನಿಂದ ಕೊನೆಯ ಗದ್ದೆಗೆ ಯಾರು ಮೊದಲು, ಯಾರು ಆಮೇಲೆ ಅನ್ನೋದನ್ನು ತೂಬಿನವರೇ ಕೂತು ಮಾಡಬೇಕು.

ಇದಕ್ಕೆ ಕಾನೂನು ಇಲ್ಲ ಅಂತ ಅಲ್ಲ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಮಾಡಿದ್ದಾರೆ. ಸಂಘ ನಿಗಮದ ಜೊತೆ ಒಪ್ಪಂದ ಮಾಡಿಕೊಂಡು, ನೀರನ್ನು ಅಳತೆಯ ಲೆಕ್ಕದಲ್ಲಿ ಒಟ್ಟಾಗಿ ಪಡೆದು, ರೈತರಿಗೆ ಹಂಚಿ, ನೀರಿನ ಕರ ವಸೂಲಿ ಮಾಡಿ, ಕಾಲುವೆ ನೋಡಿಕೊಳ್ಳಬೇಕು ಅನ್ನೋದು ಉದ್ದೇಶ. ನಮ್ಮ ಭಾಗದಲ್ಲೂ ಬೋರ್ಡ್ ಇದೆ, ಸೀಲು ಇದೆ. ನಾನು ಮೂವತ್ತು ವರ್ಷದವನಾಗೋವರೆಗೂ ನಮ್ಮ ಅಪ್ಪ ಅದಕ್ಕೆ ಷೇರುದಾರ ಅನ್ನೋದೇ ನನಗೆ ಗೊತ್ತಿರಲಿಲ್ಲ. ವಾರ್ಷಿಕ ಮಹಾಸಭೆ ಅಂತ ಕಾಗದದಲ್ಲಿ ಆಗುತ್ತಿತ್ತಂತೆ. 2024ರಲ್ಲಿ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂದು, ನಾಲೆಯಿಂದ ಅಕ್ರಮವಾಗಿ ನೀರು ಎತ್ತುವವರಿಗೆ ಶಿಕ್ಷೆ ಹೆಚ್ಚಾಗಿದೆ. ಒಳ್ಳೆಯದೇ. ಆದರೆ ನನ್ನಂಥವನನ್ನು ರಾತ್ರಿ ಹನ್ನೊಂದು ಗಂಟೆಗೆ ಹಿಡಿಯೋಕೆ ಪೊಲೀಸರು ಪ್ರತಿ ತೂಬಿಗೂ ಬರ್ತಾರಾ?

ನೀರುಗಂಟಿ ಇದ್ದ ಕಾಲ

ಹಿರಿಯರನ್ನು ಕೇಳಿದರೆ "ನೀರುಗಂಟಿ ಇದ್ದಾಗ ಈ ಗಲಾಟೆ ಇರಲಿಲ್ಲ ಕಣಪ್ಪ" ಅಂತಾರೆ. ಹಳೆ ಮೈಸೂರಿನ ಕೆರೆಗಳಿಗೆಲ್ಲ ನೀರುಗಂಟಿ ಇದ್ದ. ತೂಬು ತೆಗೆಯೋದು, ಮುಚ್ಚೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಭತ್ತ ಅಳೆದು ಕೊಡುತ್ತಿದ್ದರು. ಹೆಚ್ಚಿನ ಕಡೆ ಆ ಕೆಲಸ ಮಾಡುತ್ತಿದ್ದವರು ದಲಿತ ಕುಟುಂಬದವರು, ಎಷ್ಟೋ ಕಡೆ ಅವರಿಗೆ ಅಲ್ಲಿ ಸ್ವಂತ ಗದ್ದೆಯೇ ಇರುತ್ತಿರಲಿಲ್ಲ. ಅದಕ್ಕೇ ಅವರು ಪಕ್ಷಪಾತ ಮಾಡಲ್ಲ ಅನ್ನೋ ನಂಬಿಕೆ. ತೋಟಿ, ತಳವಾರ, ನೀರುಗಂಟಿ ಇವೆಲ್ಲ ವಂಶಪಾರಂಪರ್ಯದ ಊರಿನ ಹುದ್ದೆಗಳು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಅವು ಹೋದವು.

ಹೋದದ್ದು ಸರಿಯೇ. ಊರಿಗೆಲ್ಲ ನೀರು ಹಂಚಿ ತಾನು ಕಣದ ಮೂಲೆಯಲ್ಲಿ ಕೈಕಟ್ಟಿ ನಿಲ್ಲಬೇಕಾದ ಪದ್ಧತಿಯನ್ನು ನೆನೆದು ನಿಟ್ಟುಸಿರು ಬಿಡೋರ ಜೊತೆ ನಾನಿಲ್ಲ. ಆದರೆ ಅವನ ಕೆಲಸ ಹೋಗಿದ್ದು ಮಾತ್ರ ನಷ್ಟ. ನೀರು ಹಂಚೋನು ಬೇರೆ, ನೀರು ಉಣ್ಣೋನು ಬೇರೆ ಅನ್ನೋ ನಿಯಮ ಎಷ್ಟು ಬುದ್ಧಿವಂತಿಕೆಯದು ನೋಡಿ. ಈಗ ಹೊಸ ರೀತಿಯಲ್ಲಿ ಅದೇ ಬೇಕು. ಜಾತಿ ನೋಡದೆ, ಊರಿನ ಯಾವುದೇ ಹುಡುಗ ಅಥವಾ ಹೆಣ್ಣುಮಗಳು, ಸಂಘದಿಂದ ತಿಂಗಳ ಸಂಬಳ, ಕೈಯಲ್ಲಿ ಬೀಗದ ಕೈ, ಜೇಬಲ್ಲಿ ಸರತಿ ಪಟ್ಟಿ. ನಮ್ಮ ತೂಬಿನಲ್ಲಿ ಮೂವತ್ತೆಂಟು ಮನೆ, ತೊಂಬತ್ತು ಎಕರೆ. ಎಕರೆಗೆ ಒಂದು ಬೆಳೆಗೆ 300 ರೂಪಾಯಿ ಹಾಕಿದರೆ 27,000 ಆಗುತ್ತೆ. ಒಂದು ರಾತ್ರಿ ಪಂಪು ಬಾಡಿಗೆ ತಂದು ನಾಲೆಗೆ ಇಳಿಸೋ ಡೀಸೆಲ್ ಖರ್ಚಿಗೆ ಹೋಲಿಸಿ ನೋಡಿ, ನಿಮಗೇ ಗೊತ್ತಾಗುತ್ತೆ.

ಅಳತೆ ಕಲಿಯಿರಿ

ಯಾವ ಜಗಳವೂ "ನಿನಗೆ ಜಾಸ್ತಿ ಬಂತು, ನನಗೆ ಕಮ್ಮಿ ಬಂತು" ಅನ್ನೋದರ ಮೇಲೇ. ಎಷ್ಟು ಜಾಸ್ತಿ, ಎಷ್ಟು ಕಮ್ಮಿ? ಯಾರಿಗೂ ಗೊತ್ತಿಲ್ಲ. ಒಂದು ಸುಲಭದ ಲೆಕ್ಕ ಇದೆ, ಬಾಯಿಪಾಠ ಮಾಡಿಕೊಳ್ಳಿ. ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲುತ್ತೆ. ಸುಮಾರು ಒಂದು ಲಕ್ಷ ಲೀಟರ್. ಇಷ್ಟು ಗೊತ್ತಿದ್ದರೆ ಅರ್ಧ ಜಗಳ ಮುಗೀತು.

ಕ್ಯೂಸೆಕ್ ಅಳೆಯೋದು ಹೇಗೆ ಅಂತೀರಾ? ನೇರವಾಗಿರೋ ಕಾಲುವೆಯಲ್ಲಿ ಹತ್ತು ಮೀಟರ್ ಅಳೆದು ಎರಡು ಕಡ್ಡಿ ನೆಡಿ. ಒಂದು ನಿಂಬೆಹಣ್ಣು ತೇಲಿಬಿಡಿ, ಮೊಬೈಲ್‌ನ ಸ್ಟಾಪ್‌ವಾಚ್ ಹಾಕಿ. 25 ಸೆಕೆಂಡಿಗೆ ತಲುಪಿತು ಅಂದರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ಬೇಗ ಹರಿಯುತ್ತೆ, ತಳದ್ದು ನಿಧಾನ, ಅದಕ್ಕೆ 0.8ರಿಂದ ಗುಣಿಸಿ, 0.32 ಬರುತ್ತೆ. ಕಾಲುವೆ 60 ಸೆಂಟಿಮೀಟರ್ ಅಗಲ, ನೀರು 15 ಸೆಂಟಿಮೀಟರ್ ಆಳ ಇದ್ದರೆ 0.6 × 0.15 × 0.32. ಸೆಕೆಂಡಿಗೆ 28.8 ಲೀಟರ್. ಒಂದು ಕ್ಯೂಸೆಕ್ ಅಂದರೆ 28.3 ಲೀಟರ್. ಅಲ್ಲಿಗೆ ನಿಮ್ಮ ಕಾಲುವೆಯಲ್ಲಿ ಸುಮಾರು ಒಂದು ಕ್ಯೂಸೆಕ್ ಹರೀತಿದೆ. ಮೂರು ಸಲ ಅಳೆದು ಸರಾಸರಿ ತಗೊಳ್ಳಿ. ಆ ಮಟ್ಟಕ್ಕೆ ಸಿಮೆಂಟ್ ಗೋಡೆ ಮೇಲೆ ಪೇಂಟ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ಹೂಳು ತುಂಬಿದರೆ ಗೆರೆ ಸುಳ್ಳಾಗುತ್ತೆ, ಆಗ ಮತ್ತೆ ಅಳೆಯಬೇಕು.

ಈಗ ನಮ್ಮ ತೊಂಬತ್ತು ಎಕರೆ ತಗೊಳ್ಳಿ. ಒಂದು ಕ್ಯೂಸೆಕ್ ಹಗಲು ರಾತ್ರಿ ಹರಿದರೆ 24 ಎಕರೆಗೆ ಒಂದು ಇಂಚು, ಅಂದರೆ 8 ಎಕರೆಗೆ ಮೂರು ಇಂಚು. ಎಲ್ಲರೂ ಭತ್ತ ಹಾಕಿದರೆ ಒಂದು ಸುತ್ತು ಬರೋಕೆ ಹನ್ನೊಂದು ದಿನದ ಮೇಲಾಗುತ್ತೆ, ಸೋರಿಕೆ ಲೆಕ್ಕ ಬೇರೆ. ನಮ್ಮ ಕೆಂಪು ಮಣ್ಣಿನಲ್ಲಿ ಅಷ್ಟು ದಿನ ತಡೆಯಲ್ಲ. ಅರ್ಧಕ್ಕೆ ಭತ್ತ, ಅರ್ಧಕ್ಕೆ ರಾಗಿ, ಅಲಸಂದೆ ಹಾಕಿದರೆ ಭತ್ತದ ಸರತಿ ಆರು ದಿನಕ್ಕೆ ಇಳಿಯುತ್ತೆ. ನಡುವೆ ಒಂದೆರಡು ಸಲ ರಾಗಿಗೂ ಕೊಡಬಹುದು. ಆರು ದಿನಕ್ಕೊಮ್ಮೆ ಖಾತ್ರಿ ನೀರು ಬರೋದಾದರೆ ಆ ಪೈಪಿನ ಪದ್ಧತಿ ಎದೆ ಹೊಡ್ಕೊಳ್ಳದೆ ಮಾಡಬಹುದು. ಕೃಷಿ ಇಲಾಖೆಯವರು "ಭತ್ತ ಬೇಡ" ಅಂದಾಗ ಮುನಿಸಿಕೊಂಡಿದ್ದ ನಮ್ಮ ಅಪ್ಪ, ಈ ಲೆಕ್ಕವನ್ನು ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದಾಗ ಸುಮ್ಮನೆ ಕೂತು ಎರಡು ಸಲ ನೋಡಿದರು.

ಅಭಾವದ ನಿಯಮ ಮೇ ತಿಂಗಳಲ್ಲೇ ಆಗಬೇಕು

ನೀರು ಕಮ್ಮಿ ಬಿದ್ದ ದಿನ ಸಭೆ ಕರೆದರೆ ಅಲ್ಲಿ ಮಾತಿರಲ್ಲ, ಗುದ್ದಾಟ ಇರುತ್ತೆ. ನಾಟಿ ಆಗಿ ಪೈರು ನಿಂತ ಮೇಲೆ ಯಾವನು ತನ್ನ ಗದ್ದೆ ಬಿಟ್ಟುಕೊಡ್ತಾನೆ? ಒಟ್ಟಲು ಚೆಲ್ಲೋದಕ್ಕೆ ಮೊದಲೇ, ಯಾರ ಬೆಳೆಯೂ ನೆಲದಲ್ಲಿ ಇಲ್ಲದಾಗ, ಯಾರಿಗೂ ಮಳೆ ಹೇಗಾಗುತ್ತೆ ಅಂತ ಗೊತ್ತಿಲ್ಲದಾಗ ನಿಯಮ ಬರೆಯಬೇಕು. ಕಬಿನಿ ತುಂಬಿದರೆ ಹೀಗೆ, ಇಂಥ ದಿನಾಂಕದೊಳಗೆ ಇಂಥ ಮಟ್ಟಕ್ಕೆ ಬರದಿದ್ದರೆ ಹೀಗೆ.

ಶ್ರೀಲಂಕಾದ ಕೆರೆ ಬಯಲುಗಳಲ್ಲಿ 'ಬೆತ್ಮ' ಅಂತ ಒಂದು ಹಳೆ ಪದ್ಧತಿ ಇದೆ. ಕೆರೆ ಪೂರ್ತಿ ತುಂಬದ ವರ್ಷ, ಕೆರೆಗೆ ಹತ್ತಿರದ ಗದ್ದೆಗಳನ್ನಷ್ಟೇ ಬೆಳೆಯೋದು. ಆದರೆ ಆ ಗದ್ದೆಗಳನ್ನು ಆ ಬೆಳೆಗೆ ಮಾತ್ರ ಎಲ್ಲ ರೈತರಿಗೂ ಹಂಚುತ್ತಾರೆ, ಬಾಲದಲ್ಲಿ ಗದ್ದೆ ಇರೋನಿಗೂ ತಲೆಯಲ್ಲಿ ಒಂದು ತುಂಡು ಸಿಗುತ್ತೆ. ಉದ್ದ ಕಾಲುವೆಯಲ್ಲಿ ನೀರು ಸೋರಿ ಹೋಗಲ್ಲ, ಯಾರೂ ಬರಿಗೈಲಿ ಇರಲ್ಲ.

ಇದನ್ನು ನಮ್ಮೂರ ಕಟ್ಟೆ ಮೇಲೆ ಹೇಳಿದೆ. ಒಬ್ಬ ಹಿರಿಯರು ನಕ್ಕರು. "ಗದ್ದೆ ಬಿಟ್ಟುಕೊಡೋದಾ? 74ರಲ್ಲಿ ಫಾರಂ ನಂಬರ್ ಏಳು ಹಾಕಿದ್ದು ನೆನಪಿಲ್ವಾ?" ಉಳುವವನೇ ಒಡೆಯ ಅಂತ ಕಾನೂನು ಬಂದಿದ್ದು 1974ರಲ್ಲಿ, ನಮ್ಮ ಅಣೆಕಟ್ಟೆ ಮುಗಿದದ್ದೂ 1974ರಲ್ಲಿ. ಐವತ್ತು ವರ್ಷ ಆದರೂ ಬೇರೆಯವನು ತನ್ನ ಗದ್ದೆಗೆ ನೇಗಿಲು ಹೂಡಿದರೆ ಪಹಣಿಯೇ ಹೋಗುತ್ತೆ ಅನ್ನೋ ಭಯ ಹೋಗಿಲ್ಲ. ಸರಿ, ಬೆತ್ಮ ನಮ್ಮಲ್ಲಿ ಹಾಗೇ ನಡೆಯಲ್ಲ. ಅದರ ತಿರುಳು ತಗೊಳ್ಳೋಣ. ಗದ್ದೆ ಹಂಚೋದು ಬೇಡ, ನೀರು ಹಂಚೋಣ. ಅಭಾವದ ವರ್ಷ ಪ್ರತಿ ಮನೆಗೂ ಮೊದಲ ಒಂದು ಎಕರೆಗೆ ಖಾತ್ರಿ ನೀರು. ಐದು ಎಕರೆ ಇರೋನಿಗೂ ಒಂದೇ, ಒಂದು ಎಕರೆ ಇರೋನಿಗೂ ಒಂದೇ. ಉಳಿದರೆ ಮಿಕ್ಕದ್ದಕ್ಕೆ. ಸರತಿ ಬಾಲದಿಂದ ಶುರುವಾಗಿ ತಲೆಗೆ ಬರಬೇಕು. ತಲೆಯವನು ಕೊನೆಯಲ್ಲಿದ್ದರೆ ಕಾಲುವೆ ಒಡೆಯದ ಹಾಗೆ, ಸೋರದ ಹಾಗೆ ಅವನೇ ಕಾಯ್ತಾನೆ, ಯಾಕೆ ಅಂದ್ರೆ ಬಾಲಕ್ಕೆ ಬೇಗ ಮುಟ್ಟಿದರೆ ತಾನೇ ಅವನ ಸರದಿ ಬೇಗ ಬರೋದು.

ಇಲ್ಲಿ ಇನ್ನೊಂದು ಮಾತು. "ಪ್ರತಿ ಮನೆ" ಅಂದಾಗ ಪಹಣಿಯಲ್ಲಿ ಹೆಸರಿರೋನ ಮನೆಯೋ, ಗದ್ದೆ ಮಾಡೋನ ಮನೆಯೋ? ನಮ್ಮ ತೂಬಿನಲ್ಲಿ ಹತ್ತು ಹನ್ನೆರಡು ಮನೆ ವಾರಕ್ಕೆ, ಗುತ್ತಿಗೆಗೆ ಮಾಡೋರು. ಮಾಲೀಕರು ಮೈಸೂರಿನಲ್ಲಿದ್ದಾರೆ. ಸಭೆಗೆ ಮಾಲೀಕ ಬರಲ್ಲ, ಮಾಡೋನಿಗೆ ಕರೆ ಇರಲ್ಲ. ಪಹಣಿ ಗಂಡನ ಹೆಸರಲ್ಲಿ, ರಾತ್ರಿ ನೀರು ಕಟ್ಟೋದು ಹೆಂಡತಿ. ಇವರನ್ನು ಹೊರಗಿಟ್ಟು ಮಾಡಿದ ಸರತಿ ಪಟ್ಟಿ ಎರಡು ದಿನವೂ ನಿಲ್ಲಲ್ಲ.

ತಲೆಯವರು ಯಾಕೆ ಒಪ್ಪಬೇಕು?

ನಿಜವಾದ ಪ್ರಶ್ನೆ ಇದು. ನಾನು ತಲೆಯವನು, ಅದಕ್ಕೇ ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಬರೀ ಅಕ್ಕನ ಕಣ್ಣೀರಿಗೆ ಕರಗಿ ಯಾರೂ ಗೇಟು ಇಳಿಸಲ್ಲ. ನಾನೇ ಇಳಿಸಲಿಲ್ಲ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರೋಮ್ ಅನ್ನೋ ಅಮೆರಿಕದ ವಿದ್ವಾಂಸೆ ಕಾಲುವೆ, ಕಾಡು, ಮೀನುಗಾರಿಕೆ ಇಂಥ ಹಂಚಿಕೊಂಡು ಬಾಳೋ ಸಂಪತ್ತುಗಳನ್ನು ಜೀವನಪೂರ್ತಿ ಅಧ್ಯಯನ ಮಾಡಿದವರು. ನೇಪಾಳದ ಕಾಲುವೆಗಳಲ್ಲಿ ಅವರೂ ಅವರ ಜೊತೆಯವರೂ ಕಂಡದ್ದು ವಿಚಿತ್ರ. ರೈತರೇ ಕಲ್ಲು, ಮರ, ಮಣ್ಣಿನಿಂದ ಕಟ್ಟಿಕೊಂಡ ಒಡ್ಡುಗಳಿದ್ದ ಕಡೆ ಬಾಲದ ಗದ್ದೆಗಳಿಗೆ ನೀರು ಚೆನ್ನಾಗಿ ಮುಟ್ಟುತ್ತಿತ್ತು. ಸರ್ಕಾರದ ಪಕ್ಕಾ ಕಾಂಕ್ರೀಟ್ ಒಡ್ಡುಗಳಿದ್ದ ಕಡೆ ಮುಟ್ಟುತ್ತಿರಲಿಲ್ಲ. ಕಾರಣ ಸರಳ. ಮಣ್ಣಿನ ಒಡ್ಡು ಪ್ರತಿ ಮಳೆಗಾಲ ಕೊಚ್ಚಿಹೋಗುತ್ತೆ. ಮತ್ತೆ ಕಟ್ಟೋಕೆ ಬಾಲದವರ ಕೈ ಬೇಕು. ಅವರಿಗೆ ನೀರು ಕೊಡದಿದ್ದರೆ ಅವರು ಕೆಲಸಕ್ಕೆ ಬರಲ್ಲ. ಕಾಂಕ್ರೀಟ್ ಬಂದ ಮೇಲೆ ತಲೆಯವರಿಗೆ ಬಾಲದವರ ಹಂಗು ಇಲ್ಲವಾಯಿತು.

ಓದಿದಾಗ ನನಗೆ ನಮ್ಮ ನಾಲೆಯೇ ಕಂಡಂತಾಯಿತು. ಹಿಂದೆ ಊರೂರಿನವರು ಸೇರಿ ಹೂಳು ಎತ್ತುತ್ತಿದ್ದರು, ಬಾಲದ ಊರಿನವರು ತಲೆಯವರೆಗೂ ಬರುತ್ತಿದ್ದರು ಅಂತ ಅಪ್ಪ ಹೇಳ್ತಾರೆ. ಈಗ ಟೆಂಡರ್, ಜೆಸಿಬಿ. ನಾಲೆಗೆ ಕಾಂಕ್ರೀಟ್ ಹಾಕಿದರೆ ಬಾಲಕ್ಕೆ ನೀರು ಮುಟ್ಟುತ್ತೆ ಅನ್ನೋದು ಅರ್ಧ ಸತ್ಯ. ಸೋರಿಕೆ ನಿಲ್ಲುತ್ತೆ, ನೀರು ಓಡುತ್ತೆ, ನಿಜ. ಗೇಟು ಎತ್ತೋ ಕೈಯನ್ನು ಕಾಂಕ್ರೀಟ್ ತಡೆಯಲ್ಲ. ಜೊತೆಗೆ ಬಾವಿ, ಬೋರ್‌ಗಳಿಗೆ ಇಳಿಯುತ್ತಿದ್ದ ಸೋರಿಕೆ ನೀರೂ ಕಮ್ಮಿಯಾಗುತ್ತೆ.

ಹಾಗಾದರೆ ಈಗ ತಲೆಯವನಿಗೆ ಏನು ಲಾಭ? ನನ್ನ ಅನುಭವದಲ್ಲಿ ಎರಡು. ಸದಾ ನೀರು ನಿಂತ ನಮ್ಮ ತಗ್ಗಿನ ಗದ್ದೆ ಜೌಗಾಗಿ, ಭತ್ತ ಬಿಟ್ಟು ಬೇರೇನೂ ಬರದ ಹಾಗಾಗಿತ್ತು. ನೀರು ಇಳಿಸಿ ಬಸಿದ ಮೇಲೆ ಕೊಯ್ಲಾದ ನಂತರ ಉದ್ದು ಹಾಕೋಕೆ ಆಯ್ತು. ಎರಡನೆಯದು ನಿದ್ದೆ. ಸರತಿ ಪಟ್ಟಿ ಇದ್ದ ವರ್ಷ ನಾನು ಒಂದು ರಾತ್ರಿಯೂ ಟಾರ್ಚ್ ಹಿಡಿದು ಹೋಗಲಿಲ್ಲ. ಹಾವಿನ ಭಯ ಇಲ್ಲ, ಪಕ್ಕದವನ ಜೊತೆ ಕೈಕೈ ಇಲ್ಲ. ಇದನ್ನು ಹಣದಲ್ಲಿ ಎಷ್ಟು ಅಂತ ಲೆಕ್ಕ ಹಾಕೋದು ನನಗೆ ಬರಲ್ಲ.

ಇಷ್ಟೆಲ್ಲ ಹೇಳಿ ನಾವು ಗೆದ್ದುಬಿಟ್ಟೆವು ಅಂತ ಅಂದುಕೊಳ್ಳಬೇಡಿ. ಕಳೆದ ಎರಡು ವರ್ಷದಲ್ಲಿ ನಮ್ಮ ಒಂದು ತೂಬಿನಲ್ಲಿ ಆಗಿರೋದು ಇಷ್ಟು. ಹೊಸ ಗೇಟು, ಹೊಸ ಬೀಗ, ಎರಡು ಕೀ. ಒಂದು ನೀರು ಹಂಚೋ ಹುಡುಗನ ಹತ್ತಿರ, ಇನ್ನೊಂದು ಬಾಲದ ಕೊನೆ ಗದ್ದೆಯವರ ಹತ್ತಿರ. ಗೇಟು ತೆಗೆದಾಗ, ಮುಚ್ಚಿದಾಗ ಪೇಂಟ್ ಗೆರೆ ಕಾಣೋ ಹಾಗೆ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕ್ತಾನೆ, ಟೈಮ್ ಅಲ್ಲೇ ಬರುತ್ತೆ. ಗುಂಪಿನಲ್ಲಿ ಗುಡ್ ಮಾರ್ನಿಂಗ್, ರಾಜಕೀಯ ಎರಡೂ ನಿಷೇಧ. ಒಬ್ಬರು ಹಾಕಿ ಆಚೆ ಹೋದರು, ತಿಂಗಳು ಬಿಟ್ಟು ವಾಪಸ್ ಬಂದರು, ಸರತಿ ಯಾವಾಗ ಅಂತ ಗೊತ್ತಾಗಬೇಕಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಏಳು ಮನೆಗೆ ಹಾಲಿನ ಡೇರಿ ಗೋಡೆ ಮೇಲೆ ಪಟ್ಟಿ ಅಂಟಿಸ್ತೀವಿ. ತಪ್ಪು ಮಾಡಿದವನಿಗೆ ಮೊದಲ ಸಲ ಗುಂಪಿನಲ್ಲಿ ಹೆಸರು, ಎರಡನೇ ಸಲ ಒಂದು ಸರತಿ ಕಟ್. ಪೊಲೀಸು ಇಲ್ಲ. ಮೊದಲ ಸಲದ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಹಾಕಿಸಿದೆ, 2023ರ ಆ ರಾತ್ರಿಗೆ.

ಆಗದೇ ಇರೋದು ಇನ್ನೂ ಇದೆ. ಕಬ್ಬು, ಬಾಳೆ ಹಾಕಿರೋ ಆರು ಜನ ಮೊದಲ ಎಕರೆ ನಿಯಮಕ್ಕೆ ಸಹಿ ಹಾಕಿಲ್ಲ. ವರ್ಷಪೂರ್ತಿ ನಿಲ್ಲೋ ಬೆಳೆ, ಮಧ್ಯದಲ್ಲಿ ಬಿಡೋಕೆ ಆಗಲ್ಲ ಅನ್ನೋ ಅವರ ಮಾತಿನಲ್ಲೂ ಹುರುಳಿದೆ. ಇದ್ದ ಕೂಳೆ ಮುಗಿಯೋವರೆಗೆ ಅವರಿಗೆ ಬಿಟ್ಟು, ಹೊಸ ನಾಟಿಗೆ ನಿಯಮ ಅನ್ವಯಿಸೋಣ ಅನ್ನೋದು ನನ್ನ ಸಲಹೆ. ಒಬ್ಬರು ಒಪ್ಪಿದ್ದಾರೆ. ಇನ್ನು ನಮ್ಮದು ಒಂದು ತೂಬು. ವಿತರಣಾ ನಾಲೆಯ ಎಲ್ಲ ತೂಬಿನವರೂ ಹೀಗೆ ಮಾಡದಿದ್ದರೆ ನಾವು ಉಳಿಸಿದ ನೀರು ಅಕ್ಕನ ಊರಿಗೆ ಮುಟ್ಟಲ್ಲ, ನಡುವಿನ ತೂಬಿನವರು ಎತ್ತಿಕೊಳ್ತಾರೆ. ಅದಕ್ಕೆ ಸಂಘವೇ ಬೇಕು. ಸಂಘದ ಚುನಾವಣೆಗೆ ನಮ್ಮ ಕಡೆಯಿಂದ ಮೂರು ಜನ ಯುವಕರು, ಇಬ್ಬರು ಹೆಣ್ಣುಮಕ್ಕಳು ನಿಲ್ಲೋದು ಅಂತ ಆಗಿದೆ. ನಿಮ್ಮ ಅಪ್ಪನ ಹೆಸರಲ್ಲಿ ಷೇರು ಇದೆಯಾ, ಬಾಕಿ ಇದೆಯಾ, ಮತದಾರರ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಈ ವಾರವೇ ಸಂಘದ ಕಾರ್ಯದರ್ಶಿ ಹತ್ತಿರ ಹೋಗಿ ಕೇಳಿ. ಬಾಕಿ ಇದ್ದರೆ ಎಷ್ಟೋ ಸಲ ಓಟು ಹಾಕೋಕೆ ಬಿಡಲ್ಲ, ಅದು ಗೊತ್ತಾಗೋದು ಚುನಾವಣೆ ದಿನ.

ಮುಂದಿನ ಭಾನುವಾರ ಎಂಟೂ ತೂಬಿನವರ ಸಭೆ ಇಟ್ಟಿದ್ದೀವಿ, ತಲೆಯಲ್ಲಿ ಅಲ್ಲ, ಬಾಲದಲ್ಲಿ, ಭಾವನ ಊರಿನ ಮಾರಿಗುಡಿ ಮುಂದೆ. ನಾಲೆ ಏರಿ ಮೇಲೆ ನಡೆದುಕೊಂಡೇ ಹೋಗೋದು ಅಂತ ತೀರ್ಮಾನ, ದಾರಿಯಲ್ಲಿ ಪ್ರತಿ ತೂಬಿನಲ್ಲೂ ನಿಂತು ನಿಂಬೆಹಣ್ಣು ಬಿಟ್ಟು ಅಳೆಯೋದು. ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ಎಷ್ಟು ಜನ ಬರ್ತೀರಿ ಹೇಳು, ಅಕ್ಕಿ ನೆನೆಸಬೇಕು ಅಂತ ಮೂರು ಸಲ ಫೋನ್ ಮಾಡಿದ್ದಾಳೆ. ಭಾವ ಮಾತ್ರ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ. ಎರಡನೇ ಕೀ ನೀವೇ ಇಟ್ಟುಕೊಳ್ಳಿ ಅಂದಾಗ "ಆ ನಡುವಿನ ತೂಬಿಂದೂ ತಗೊಂಡು ಬಾ, ಆಮೇಲೆ ನೋಡೋಣ" ಅಂದರು.